ಲೆಸ್ಲಿ ಸಿ. ಕೋಲ್ಮನ್

ಲೆಸ್ಲಿ ಚಾರ್ಲ್ಸ್ ಕೋಲ್ಮನ್ (ಜೂನ್ 16, 1878 – ಸೆಪ್ಟೆಂಬರ್ 14, 1954) ಕೆನಡಾ ಮೂಲದ ಸಸ್ಯರೋಗ ಶಾಸ್ತ್ರಜ್ಞರು ಮತ್ತು ಕೀಟಶಾಸ್ತ್ರಜ್ಞರು. ಇವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಮೊದಲ ನಿರ್ದೇಶಕರಾಗಿದ್ದರು. ಮಲೆನಾಡಿನ ಅಡಿಕೆ ತೋಟಗಳನ್ನು ಹಾಳುಗೆಡವುತ್ತಿದ್ದ ಕೊಳೆರೋಗಕ್ಕೆ ಕಾರಣವನ್ನು ಗುರುತಿಸಿ, ಸಾಮಾನ್ಯ ಬೆಳೆಗಾರರ ಕೈಗೆಟುಕುವ ಪರಿಹಾರವನ್ನು ರೂಪಿಸಿದವರೆಂದು ಇವರು ಪ್ರಸಿದ್ಧರು. ಹೆಬ್ಬಾಳದ ಕೃಷಿ ಶಾಲೆ, ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಮತ್ತು ಮಂಡ್ಯದ ವಿ.ಸಿ. ಫಾರಂಗಳ ಸ್ಥಾಪನೆಯಲ್ಲಿ ಇವರದು ಪ್ರಮುಖ ಪಾತ್ರ. ಮರದ ಆರೈಕೆಯನ್ನು ಕಲಿಸಬಹುದಾದ, ಕಲಿಯಬೇಕಾದ ವಿದ್ಯೆಯೆಂದು ಪರಿಗಣಿಸಿ, ಅದಕ್ಕೆ ಶಾಲೆ, ಪ್ರಾತ್ಯಕ್ಷಿಕೆ ಮತ್ತು ಪ್ರಕಟಣೆಗಳ ಏರ್ಪಾಡು ಮಾಡಿದ್ದು ಇವರ ಸಂಶೋಧನೆಯಷ್ಟೇ ಮುಖ್ಯವಾದ ಕೆಲಸ. ಆದರೆ ಇದರ ಉಲ್ಲೇಖ ಕಡಿಮೆ.

ಜನನ ಮತ್ತು ಶಿಕ್ಷಣ

ಕೋಲ್ಮನ್ ಹುಟ್ಟಿದ್ದು ಕೆನಡಾದ ಒಂಟಾರಿಯೊ ಪ್ರಾಂತ್ಯದ ಡರ್ಹಮ್ ಕೌಂಟಿಯಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ನಂತರ ಜರ್ಮನಿಯ ಗಟಿಂಗೆನ್‌ಗೆ ತೆರಳಿ, ಮಣ್ಣಿನಲ್ಲಿ ಸೂಕ್ಷ್ಮಾಣುಗಳಿಂದ ನಡೆಯುವ ನೈಟ್ರೀಕರಣ ಕ್ರಿಯೆಯ ಮೇಲೆ ಸಂಶೋಧನೆ ನಡೆಸಿ ಡಾಕ್ಟರೇಟ್ ಗಳಿಸಿದರು. ಅವರ ತರಬೇತಿ ನಡೆದದ್ದು ಪ್ರಯೋಗಾಲಯದ ಗಾಜಿನ ಪಾತ್ರೆಗಳ ನಡುವೆ. ಮುಂದಿನ ಕಾಲು ಶತಮಾನವನ್ನು ಅವರು ಕಳೆಯಬೇಕಾಗಿ ಬಂದ ತೋಟ, ಗದ್ದೆ ಮತ್ತು ಕಾಡುಗಳಿಗೆ ಆ ತರಬೇತಿಯಿಂದ ನೇರವಾದ ಸಿದ್ಧತೆ ಇರಲಿಲ್ಲ.

ಮೈಸೂರು ಸಂಸ್ಥಾನದ ಸೇವೆ

1908ರಲ್ಲಿ ಕೋಲ್ಮನ್ ಮೈಸೂರು ಸಂಸ್ಥಾನದ ಕೀಟಶಾಸ್ತ್ರಜ್ಞ ಹಾಗೂ ಶಿಲೀಂಧ್ರಶಾಸ್ತ್ರಜ್ಞರಾಗಿ ನೇಮಕಗೊಂಡರು. ಅದಕ್ಕೂ ಮುನ್ನ ಸಂಸ್ಥಾನದಲ್ಲಿ ಕೃಷಿ ರಸಾಯನಶಾಸ್ತ್ರಜ್ಞರಾಗಿದ್ದ ಅಡಾಲ್ಫ್ ಲೆಹ್ಮನ್ ಅವರು ಮಣ್ಣು ಮತ್ತು ಗೊಬ್ಬರಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ್ದರು. ಬೆಳೆಗಳ ಕೀಟ ಮತ್ತು ರೋಗಗಳ ಅಧ್ಯಯನ ಕೋಲ್ಮನ್‌ರಿಂದ ಆರಂಭವಾಯಿತು. ಆರಂಭದಿಂದಲೂ ಅವರಿಗೆ ಸಹಾಯಕರಾಗಿದ್ದ ಕೆ. ಕುಂಞಿಕಣ್ಣನ್ ಮುಂದೆ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಸಂಸ್ಥಾನದ ಕೀಟಶಾಸ್ತ್ರಜ್ಞರಾದರು.

1913ರಲ್ಲಿ ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾದರು. ಆಗ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. 1925ರಿಂದ ಕೆಲವು ವರ್ಷಗಳ ಬಿಡುವನ್ನು ಹೊರತುಪಡಿಸಿದರೆ 1934ರವರೆಗೂ ಕೋಲ್ಮನ್ ಅದೇ ಹುದ್ದೆಯಲ್ಲಿದ್ದರು.

ಕೊಳೆರೋಗದ ಅಧ್ಯಯನ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಕೊಳೆರೋಗ ಹೊಸದೇನಲ್ಲ. ಮುಂಗಾರು ಬಿಡದೆ ಸುರಿಯುವ ದಿನಗಳಲ್ಲಿ ಎಳೆಯ ಕಾಯಿಗಳ ಮೇಲೆ ನೀರು ಹಿಡಿದಂತಹ ಕಲೆ ಮೂಡಿ, ಕಾಯಿ ಕೊಳೆತು, ಗೊನೆಯಿಂದ ಕಳಚಿ ಬೀಳುತ್ತದೆ. ಮಳೆ ಮುಂದುವರಿದರೆ ಕೆಲವೇ ವಾರಗಳಲ್ಲಿ ಇಡೀ ತೋಟದ ಫಸಲು ನೆಲದ ಪಾಲಾಗಬಹುದು. ಸೋಂಕು ಸುಳಿಗೆ ಇಳಿದರೆ ಮರವೇ ಸಾಯುತ್ತದೆ. ಅಡಿಕೆ ಮರಕ್ಕೆ ಬೆಳೆಯುವ ತುದಿ ಇರುವುದು ಒಂದೇ. ಕೊಂಬೆ ಕಡಿದು ಉಳಿಸಿಕೊಳ್ಳಲು ಅದು ಮಾವು, ಹಲಸುಗಳಂತಲ್ಲ. ತೋಟಿಗರು ಮಳೆಗಾಲಕ್ಕೆ ಮುನ್ನ ಗೊನೆಗಳಿಗೆ ಕೊಟ್ಟೆ ಕಟ್ಟಿ ನೀರು ತಾಗದಂತೆ ಮಾಡುತ್ತಿದ್ದರು. ಈ ರೂಢಿ ಪರಿಣಾಮಕಾರಿಯೇ ಆಗಿದ್ದರೂ ಪ್ರತಿ ಗೊನೆಗೂ ಒಂದೊಂದು ಕೊಟ್ಟೆ ಬೇಕಾಗಿ, ಖರ್ಚು ಮತ್ತು ಶ್ರಮ ಎರಡೂ ಹೆಚ್ಚಾಗಿದ್ದವು.

ಕೋಲ್ಮನ್ ರೋಗದ ಕಾರಣವು ಫೈಟಾಫ್ತೊರ ಕುಲದ ಶಿಲೀಂಧ್ರವೆಂದು ತೋರಿಸಿ, 1910ರಲ್ಲಿ ಅದರ ವಿವರಗಳನ್ನು ಇಲಾಖೆಯ ಪ್ರಕಟಣೆಯಲ್ಲೂ ಜರ್ಮನಿಯ ವೈಜ್ಞಾನಿಕ ಪತ್ರಿಕೆಯಲ್ಲೂ ಪ್ರಕಟಿಸಿದರು. ಅವರು ಅಡಿಕೆಯ ಹೆಸರಿನಲ್ಲೇ ವಿವರಿಸಿದ ಈ ಉಪಭೇದವನ್ನು 1913ರಲ್ಲಿ ಸ್ವತಂತ್ರ ಪ್ರಭೇದವೆಂದು ಪರಿಗಣಿಸಿ ಫೈಟಾಫ್ತೊರ ಅರೆಕೆ ಎಂದು ಕರೆಯಲಾಯಿತು. ತೋಟಗಳಲ್ಲಿ ಬಳಕೆಯಲ್ಲಿದ್ದ ಕೊಳೆರೋಗ ಎಂಬ ಕನ್ನಡ ಪದ ಅಂತಾರಾಷ್ಟ್ರೀಯ ಸಸ್ಯರೋಗ ಸಾಹಿತ್ಯದಲ್ಲಿ ಯಥಾವತ್ತಾಗಿ ಉಳಿಯಿತು.

ಔಷಧಿಯಾಗಿ ಅವರು ಆರಿಸಿಕೊಂಡದ್ದು ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ 1880ರ ದಶಕದಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು. ಮೈಲುತುತ್ತ ಮತ್ತು ಸುಣ್ಣವನ್ನು ಬೇರೆಬೇರೆಯಾಗಿ ಕರಗಿಸಿ ಬೆರೆಸಿದರೆ ಇದು ಸಿದ್ಧ. ಆದರೆ ಮಲೆನಾಡಿನ ಮಳೆ ಫ್ರಾನ್ಸಿನ ಮಳೆಯಲ್ಲ, ಸಿಂಪಡಿಸಿದ್ದು ತೊಳೆದುಹೋಗುತ್ತಿತ್ತು. ರಾಳ ಮತ್ತು ಸೋಡಾದಿಂದ ತಯಾರಿಸಿದ ಅಂಟನ್ನು ದ್ರಾವಣಕ್ಕೆ ಸೇರಿಸಿ, ಅದು ಕಾಯಿಯ ನುಣುಪಾದ ಮೈಗೆ ಹಿಡಿದು ನಿಲ್ಲುವಂತೆ ಮಾಡಿದ್ದು ಕೋಲ್ಮನ್‌ರ ಮುಖ್ಯ ಕೊಡುಗೆ.

ತೋಟದಲ್ಲಿ ಕಲಿಸಿದ ವಿದ್ಯೆ

ಪರಿಹಾರ ಸಿಕ್ಕಿದ ಮೇಲೂ ಅದು ನಲವತ್ತು ಐವತ್ತು ಅಡಿ ಎತ್ತರದ ಗೊನೆಗೆ ತಲುಪಬೇಕಿತ್ತು. ಮರ ಹತ್ತುತ್ತಿದ್ದವರು ವಿಜ್ಞಾನಿಗಳೂ ಅಲ್ಲ, ತೋಟದ ಯಜಮಾನರೂ ಅಲ್ಲ, ಕೊನೆಗಾರರು. ಕಾಲಿಗೆ ತಳೆ ಹಾಕಿ ಏರುವುದು, ಒಂದು ಮರದ ತುದಿಯಿಂದ ಮತ್ತೊಂದಕ್ಕೆ ಬಾಗಿ ದಾಟುವುದು, ಕೊನೆ ಇಳಿಸುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಈಗ ಅದರ ಜೊತೆಗೆ ಹೊಸ ವಿದ್ಯೆ ಬೇಕಾಯಿತು. ಮೈಲುತುತ್ತವನ್ನು ಕಬ್ಬಿಣದ ಪಾತ್ರೆಯಲ್ಲಿ ಕರಗಿಸಬಾರದು, ಮಣ್ಣಿನ ಅಥವಾ ಮರದ ಪಾತ್ರೆ ಬೇಕು. ಸುಣ್ಣ ಕಡಿಮೆಯಾದರೆ ದ್ರಾವಣ ಎಳೆಯ ಕಾಯಿಯನ್ನು ಸುಡುತ್ತದೆ. ಹದ ತಿಳಿಯಲು ಉಜ್ಜಿದ ಕತ್ತಿಯ ಅಲಗನ್ನು ಅದ್ದಿ ನೋಡಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಬೆರೆಸಿದ ದ್ರಾವಣವನ್ನು ಅಂದೇ ಬಳಸಬೇಕು. ಮೊದಲ ಸಿಂಪಡಣೆ ಮಳೆ ಹಿಡಿಯುವ ಮುನ್ನ, ರೋಗ ಕಾಣುವ ಮುನ್ನವೇ ಆಗಬೇಕು. ಸುಮಾರು 40–45 ದಿನಗಳ ನಂತರ ಎರಡನೆಯದು.

ಇವುಗಳಲ್ಲಿ ಕೊನೆಯದನ್ನು ಒಪ್ಪಿಸುವುದೇ ಹೆಚ್ಚು ಕಷ್ಟ. ರೋಗವೇ ಇಲ್ಲದ ಮರಕ್ಕೆ ಮೇ ತಿಂಗಳಲ್ಲಿ ಹಣ ಖರ್ಚು ಮಾಡಿ ಔಷಧಿ ಹೊಡೆಸಬೇಕೆಂಬ ಮಾತು, ಕಾಯಿ ಉದುರಿದ ಮೇಲೆ ಚಿಕಿತ್ಸೆ ಹುಡುಕುವ ರೂಢಿಗೆ ವಿರುದ್ಧವಾಗಿತ್ತು. ಮುದ್ರಿತ ಪ್ರಕಟಣೆಗಳಿಂದ ಇದು ಸಾಧ್ಯವಾಗುವಂತಿರಲಿಲ್ಲ. ಇಲಾಖೆಯ ಇನ್‌ಸ್ಪೆಕ್ಟರುಗಳು ಮತ್ತು ಫೀಲ್ಡ್‌ಮನ್‌ಗಳು ತೋಟಗಳಿಗೇ ಹೋಗಿ ದ್ರಾವಣ ತಯಾರಿಸಿ, ಸಿಂಪಡಿಸಿ ತೋರಿಸುವ ಪ್ರಾತ್ಯಕ್ಷಿಕೆಯ ಕ್ರಮ ಬಳಕೆಗೆ ಬಂದಿತು. ಸಿಂಪಡಿಸಿದ ಮರಗಳು ಮತ್ತು ಸಿಂಪಡಿಸದ ಮರಗಳು ಒಂದೇ ತೋಟದಲ್ಲಿ ಅಕ್ಕಪಕ್ಕದಲ್ಲಿ ನಿಂತಾಗ, ಆಗಸ್ಟ್ ತಿಂಗಳ ಹೊತ್ತಿಗೆ ನೆಲ ನೋಡಿದರೆ ವ್ಯತ್ಯಾಸ ತಿಳಿಯುತ್ತಿತ್ತು. ಒಂದು ಶತಮಾನ ಕಳೆದರೂ ಕರ್ನಾಟಕದ ಅಡಿಕೆ ತೋಟಗಳಲ್ಲಿ ಮಳೆಗಾಲದ ಮೊದಲ ಕೆಲಸ ಬೋರ್ಡೋ ಸಿಂಪಡಣೆಯೇ.

ಗಂಧದ ಮರ ಮತ್ತು ಅಣಬೆ ರೋಗ

ಮೈಸೂರು ಸಂಸ್ಥಾನದ ಬೊಕ್ಕಸಕ್ಕೆ ಆದಾಯ ತರುತ್ತಿದ್ದ ಶ್ರೀಗಂಧದ ಮರಗಳಿಗೆ ಸ್ಪೈಕ್ ರೋಗ ತಗಲಿತ್ತು. ಎಲೆಗಳು ಚಿಕ್ಕದಾಗುತ್ತ, ರೆಂಬೆಗಳು ಮುಳ್ಳಿನ ಗೊಂಚಲಿನಂತೆ ಸೆಟೆದು, ಕೆಲವೇ ವರ್ಷಗಳಲ್ಲಿ ಮರ ಸಾಯುತ್ತಿತ್ತು. ಮಣ್ಣಿನ ದೋಷವೆಂದೂ ಕಾಡಿನ ಬೆಂಕಿಯ ಪರಿಣಾಮವೆಂದೂ ಬಗೆಬಗೆಯ ಊಹೆಗಳಿದ್ದ ಕಾಲದಲ್ಲಿ, ರೋಗಪೀಡಿತ ಮರದ ಅಂಗಾಂಶವನ್ನು ಆರೋಗ್ಯವಂತ ಮರಕ್ಕೆ ಕಸಿ ಮಾಡಿದರೆ ರೋಗ ಹರಡುತ್ತದೆಂದು ಕೋಲ್ಮನ್ 1917ರಲ್ಲಿ ವರದಿ ಮಾಡಿದರು. ಇದು ಸಾಂಕ್ರಾಮಿಕ ರೋಗವೆಂಬುದು ಇದರಿಂದ ಖಚಿತವಾಯಿತು. ರೋಗಕಾರಕ ಸೂಕ್ಷ್ಮಜೀವಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣಲು 1969ರವರೆಗೆ ಕಾಯಬೇಕಾಯಿತು.

ತಾಳೆಜಾತಿಯ ಮರಗಳ ಬುಡಕ್ಕೆ ಬರುವ ಅಣಬೆ ರೋಗವನ್ನೂ ಅವರು ಅಧ್ಯಯನ ಮಾಡಿದರು. ಗ್ಯಾನೊಡರ್ಮ ಎಂಬ ಶಿಲೀಂಧ್ರದಿಂದ ಬರುವ ಈ ರೋಗ ಅಡಿಕೆಗೂ ತೆಂಗಿಗೂ ಸಮಾನ ಶತ್ರು. ಕೋಲ್ಮನ್ ನಿವೃತ್ತರಾದ ಎರಡು ವರ್ಷಗಳ ನಂತರ, 1936ರಲ್ಲಿ, ಮೈಸೂರಿನ ಎಸ್.ವಿ. ವೆಂಕಟರಾಯನ್ ಅವರು ಅಡಿಕೆ ಮತ್ತು ತೆಂಗಿನ ಮರಗಳಲ್ಲಿ ಈ ಶಿಲೀಂಧ್ರದ ಜೀವನಕ್ರಮವನ್ನು ಕುರಿತು ವಿಸ್ತೃತ ಪ್ರಬಂಧವನ್ನು ಪ್ರಕಟಿಸಿದರು.

ಹೆಬ್ಬಾಳದ ಶಾಲೆ ಮತ್ತು ಮುಂದುವರಿದ ಶಿಕ್ಷಣ

1913ರಲ್ಲಿ ಬೆಂಗಳೂರಿನ ಹೊರವಲಯದ ಹೆಬ್ಬಾಳದಲ್ಲಿ ವಸತಿಸಹಿತ ಕೃಷಿ ಶಾಲೆ ಆರಂಭವಾಯಿತು. ತರಗತಿಯ ಜೊತೆಗೆ ಪ್ರಯೋಗಕ್ಷೇತ್ರವೂ ಇದ್ದ ಈ ಶಾಲೆ ಸಂಸ್ಥಾನಕ್ಕೆ ತರಬೇತಿ ಪಡೆದ ಕೃಷಿ ಸಿಬ್ಬಂದಿಯನ್ನು ಒದಗಿಸಿತು. ಅದೇ ದಶಕದಲ್ಲಿ ರೂಪುಗೊಂಡ ಮೈಸೂರು ಕೃಷಿ ಮತ್ತು ಪ್ರಾಯೋಗಿಕ ಒಕ್ಕೂಟವು ಶಾಲೆಯ ಮೆಟ್ಟಿಲು ಹತ್ತದ ಬೇಸಾಯಗಾರರನ್ನೂ ಪ್ರಯೋಗಗಳಲ್ಲಿ ಸೇರಿಸಿಕೊಂಡು ಪತ್ರಿಕೆಯನ್ನೂ ಹೊರತಂದಿತು. ಇದೇ ಬಗೆಯ ಹೆಸರಿನ ಒಕ್ಕೂಟವೊಂದು ಕೋಲ್ಮನ್‌ರ ಹುಟ್ಟುನಾಡಾದ ಒಂಟಾರಿಯೊದಲ್ಲಿ 19ನೆಯ ಶತಮಾನದಿಂದಲೇ ಇತ್ತು ಎಂಬುದು ಗಮನಾರ್ಹ.

ಸಿಬ್ಬಂದಿಯ ಕಲಿಕೆ ನೇಮಕಾತಿಯೊಂದಿಗೆ ಮುಗಿಯಲಿಲ್ಲ. ಕುಂಞಿಕಣ್ಣನ್‌ರಂತೆ ಉನ್ನತ ವ್ಯಾಸಂಗ ಮುಂದುವರಿಸಿದವರು, ಇಲಾಖೆಯಲ್ಲಿದ್ದುಕೊಂಡೇ ಸ್ವತಂತ್ರ ಸಂಶೋಧನೆ ಪ್ರಕಟಿಸಿದ ಎಂ.ಜೆ. ನರಸಿಂಹನ್‌ರಂತಹ ಶಿಲೀಂಧ್ರಶಾಸ್ತ್ರಜ್ಞರು, ಮುಂದೆ ಇಲಾಖೆಯ ನಿರ್ದೇಶಕರಾಗಿ ಭಾರತದ ಬೆಳೆಗಳ ಕುರಿತು ಹೆಸರಾಂತ ಗ್ರಂಥ ಬರೆದ ಎ.ಕೆ. ಯಜ್ಞನಾರಾಯಣ ಅಯ್ಯರ್ ಮೊದಲಾದವರು ಈ ಪರಂಪರೆಗೆ ಸೇರಿದವರು. ವಿದೇಶಿ ಪರಿಣತರೊಬ್ಬರು ಊರಿಗೆ ಮರಳಿದ ಮೇಲೂ ಇಲಾಖೆ ನಿಲ್ಲದೆ ನಡೆದದ್ದಕ್ಕೆ ಇದೇ ಕಾರಣವೆನ್ನಬಹುದು.

ಹೆಬ್ಬಾಳದ ಶಾಲೆ 1946ರಲ್ಲಿ ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ ಕೃಷಿ ಕಾಲೇಜಾಯಿತು. 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಅದಕ್ಕೆ ಮೂಲವಾಯಿತು.

ಇತರ ಕಾರ್ಯಗಳು

ಜೋಳದ ಬೆಳೆಗೆ ಹಾನಿ ಮಾಡುವ ರೆಕ್ಕೆಯಿಲ್ಲದ ದಖನ್ ಮಿಡತೆಯನ್ನು ಕೋಲ್ಮನ್ ಅಭ್ಯಾಸ ಮಾಡಿದ್ದರು. ಆ ಮಿಡತೆಯ ಕುಲಕ್ಕೆ ಕೋಲ್ಮೇನಿಯ ಎಂಬ ಹೆಸರಿದೆ. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಸಂಶೋಧನಾ ಕೇಂದ್ರ ಆರಂಭವಾಯಿತು. ಕೃಷ್ಣರಾಜಸಾಗರದ ನಾಲೆಗಳು ಮಂಡ್ಯ ಸೀಮೆಗೆ ನೀರು ತಂದಾಗ ಕಬ್ಬು ಮತ್ತು ಭತ್ತದ ಪ್ರಯೋಗಗಳಿಗೆ ಅಲ್ಲಿ ಕ್ಷೇತ್ರ ಸಿದ್ಧವಾಯಿತು.

ನಿವೃತ್ತಿ ಮತ್ತು ನಿಧನ

1934ರಲ್ಲಿ ಸೇವೆಯಿಂದ ನಿವೃತ್ತರಾದ ಕೋಲ್ಮನ್ ಕೆನಡಾಕ್ಕೆ ಮರಳಿದರು. ಅಲ್ಲಿ ಆಡಳಿತವನ್ನು ಬಿಟ್ಟು ಸೂಕ್ಷ್ಮದರ್ಶಕಕ್ಕೆ ಹಿಂತಿರುಗಿ, ಅರವತ್ತು ದಾಟಿದ ಮೇಲೆ ಸಸ್ಯಗಳ ವರ್ಣತಂತುಗಳ ರಚನೆಯ ಕುರಿತು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದರು. ತಮ್ಮ ಹಿಂದಿನ ವಿಷಯಗಳಿಗೆ ಸಂಬಂಧವಿಲ್ಲದ ಕ್ಷೇತ್ರವನ್ನು ಆ ವಯಸ್ಸಿನಲ್ಲಿ ಕೈಗೆತ್ತಿಕೊಂಡದ್ದು ಅವರ ಸ್ವಭಾವವನ್ನು ತೋರಿಸುತ್ತದೆ. 1954ರ ಸೆಪ್ಟೆಂಬರ್ 14ರಂದು ಅವರು ನಿಧನರಾದರು.

ತೆಂಗಿನ ಸೀಮೆಯಲ್ಲಿ ಮುಂದುವರಿಕೆ

ಕೋಲ್ಮನ್‌ರ ಹೆಸರು ಅಡಿಕೆಯೊಂದಿಗೆ ಬೆಸೆದುಕೊಂಡಿದ್ದರೂ ಅವರು ಕಟ್ಟಿದ ಶಿಕ್ಷಣದ ಕೊಂಡಿ ಹಳೆಯ ಮೈಸೂರಿನ ತೆಂಗಿನ ಸೀಮೆಗೂ ತಲುಪುತ್ತದೆ. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳು ಉಂಡೆ ಕೊಬ್ಬರಿಗೆ ಹೆಸರುವಾಸಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಸುವರ್ಣಮುಖಿ ನದಿಗೆ 19ನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಬೋರನಕಣಿವೆ ಜಲಾಶಯವಿದೆ. ಮಳೆ ಕಡಿಮೆಯಾದ ಈ ಭಾಗದಲ್ಲಿ ಕೊಳೆರೋಗದ ಕಾಟ ಮಲೆನಾಡಿನಷ್ಟಿಲ್ಲ. ಇಲ್ಲಿ ಅಣಬೆ ರೋಗ ಮತ್ತು ಗರಿ ತಿನ್ನುವ ಕಪ್ಪುತಲೆ ಹುಳು ದೊಡ್ಡ ಸಮಸ್ಯೆಗಳು. ನೀರಿನ ಕೊರತೆಯಿಂದ ಸೊರಗಿದ ಮರಗಳಲ್ಲಿ ಅಣಬೆ ರೋಗ ಇನ್ನಷ್ಟು ಬೇಗ ಹಬ್ಬುತ್ತದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವ್ಯಾಪ್ತಿಯ ಕೃಷಿ ವಿಜ್ಞಾನ ಕೇಂದ್ರವೊಂದು ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿದೆ. ಹೆಬ್ಬಾಳದ ಶಾಲೆಯಿಂದ ಹೊರಟ ಸಾಲಿನ ಒಂದು ತುದಿ ಇದು. ಮರ ಹತ್ತುವವರ ಸಂಖ್ಯೆ ಕುಸಿಯುತ್ತಿದ್ದುದನ್ನು ಗಮನಿಸಿ ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ತೆಂಗಿನ ಮರದ ಸ್ನೇಹಿತರು ಎಂಬ ತರಬೇತಿ ಯೋಜನೆಯನ್ನು ಆರಂಭಿಸಿತು. ಯುವಕ ಯುವತಿಯರಿಗೆ ಯಂತ್ರದ ನೆರವಿನಿಂದ ಮರ ಏರುವುದು, ಸುರಕ್ಷಾ ಪಟ್ಟಿಯ ಬಳಕೆ, ಸುಳಿ ಶುಚಿಗೊಳಿಸುವುದು, ಕೊಯ್ಲಿನ ಹದ ಗುರುತಿಸುವುದು, ರೋಗ ಮತ್ತು ಕೀಟಗಳ ಲಕ್ಷಣ ತಿಳಿಯುವುದನ್ನು ಇದರಲ್ಲಿ ಕಲಿಸಲಾಗುತ್ತದೆ. ತಳೆ ಕಟ್ಟಿ ಹತ್ತುತ್ತಿದ್ದ ಹಿರಿಯರಿಗೆ ಯಂತ್ರ ನಿಧಾನವೆನಿಸಬಹುದು. ಹೊಸದಾಗಿ ಕಲಿಯುವವರಿಗೆ ಮಾತ್ರ ಅದು ಬೀಳುವ ಭಯವನ್ನು ತಗ್ಗಿಸುತ್ತದೆ.

ಈ ಲಕ್ಷಣಗಳ ಪಾಠ ತೆಂಗಿನ ಸೀಮೆಯಲ್ಲಿ ನೇರವಾಗಿ ಬದುಕಿಗೆ ಸಂಬಂಧಿಸಿದ್ದು. ಸುಳಿಯ ಬುಡಕ್ಕೆ ಕೊರೆದ ದುಂಬಿಯ ರಂಧ್ರ, ಗರಿಯ ಅಡಿಯಲ್ಲಿ ಹುಳು ಕಟ್ಟಿದ ಜಾಳಿಗೆ ನೆಲದಲ್ಲಿ ನಿಂತವರಿಗೆ ಕಾಣುವುದಿಲ್ಲ, ಮರ ಏರಿದವರಿಗೆ ಮೊದಲು ಕಾಣುತ್ತವೆ. ಅಣಬೆ ರೋಗದಲ್ಲಿ ಕಾಂಡದ ಬುಡದಿಂದ ಕೆಂಗಂದು ಬಣ್ಣದ ಅಂಟು ಸೋರಲು ತೊಡಗಿದಾಗಲೇ ಗುರುತಿಸಿ, ಮರದ ಸುತ್ತ ಕಂದಕ ತೋಡಿ ಬೇರುಗಳ ಸಂಪರ್ಕ ತಪ್ಪಿಸಿದರೆ ಪಕ್ಕದ ಮರಗಳನ್ನು ಉಳಿಸಿಕೊಳ್ಳುವ ಅವಕಾಶವಿದೆ. ಬುಡದಲ್ಲಿ ಅಣಬೆ ಕಾಣಿಸಿಕೊಳ್ಳುವ ಹೊತ್ತಿಗೆ ಆ ಮರ ಸಾಮಾನ್ಯವಾಗಿ ಕೈತಪ್ಪಿರುತ್ತದೆ.