ಭಾಸ್ಕರಾಚಾರ್ಯನ ಬದುಕು ಮತ್ತು ಪಾಠಕ್ರಮ

ಮಾರತ್ತಹಳ್ಳಿಯಿಂದ ಹಲಸೂರಿನ ಕಡೆಗೆ ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ ಸಾಗಿದರೆ ವಿಮಾನಪುರದ ಬಳಿ ಇಸ್ರೋ ಸಂಸ್ಥೆಯ ಉಪಗ್ರಹ ಕೇಂದ್ರ ಸಿಗುತ್ತದೆ. 2018ರಿಂದ ಅದಕ್ಕೆ ಯು.ಆರ್. ರಾವ್ ಅವರ ಹೆಸರಿದೆ. ಪೀಣ್ಯದ ಶೆಡ್ಡುಗಳಲ್ಲಿ ಆರಂಭಗೊಂಡ ಈ ಕೇಂದ್ರವು ರೂಪಿಸಿದ ಎರಡು ಉಪಗ್ರಹಗಳು 1979 ಮತ್ತು 1981ರಲ್ಲಿ ಭಾಸ್ಕರ ಎಂಬ ಹೆಸರು ಹೊತ್ತು ಕಕ್ಷೆ ಸೇರಿದವು. ಆ ರಸ್ತೆಯಲ್ಲಿ ನಿತ್ಯ ಓಡಾಡುವ ಈ ಲೇಖಕನಿಗೆ ಭಾಸ್ಕರನ ನೆನಪು ಬಂದದ್ದು ಮಾತ್ರ ಬೇರೊಂದು ನೆಪದಿಂದ. ಮಾರತ್ತಹಳ್ಳಿಯಲ್ಲಿ ನಾವಿರುವ ಮನೆಯ ಮಹಡಿಯಲ್ಲಿ ವಾಸವಾಗಿರುವ ಎಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಒಂದು ಸಂಜೆ ತನ್ನ ಅನುಕಲನದ ಪಠ್ಯವನ್ನು ಹಿಡಿದು ಬಂದು, ಗೋಳದ ಮೇಲ್ಮೈಯ ಸೂತ್ರವನ್ನು ಪ್ರೌಢಶಾಲೆಯಲ್ಲೇ ಬಾಯಿಪಾಠ ಮಾಡಿಸಿದವರು ಅದರ ಕಾರಣವನ್ನು ಹೇಳಲು ಇಷ್ಟು ವರ್ಷ ಕಾಯಿಸಿದ್ದೇಕೆ ಎಂದು ಕೇಳಿದ. ಕನ್ನಡ ಎಂ.ಎ. ಮಾಡಿದವನ ಬಳಿ ಅದಕ್ಕೆ ಸಿದ್ಧ ಉತ್ತರವಿರಲಿಲ್ಲ. ಶಾಸ್ತ್ರಸಾಹಿತ್ಯದ ಅಧ್ಯಯನದಲ್ಲಿ ತೊಡಗಿದ್ದ ಕಾರಣ, ಇದೇ ಕ್ರಮವನ್ನು 12ನೆಯ ಶತಮಾನದಲ್ಲಿ ಬುದ್ಧಿಪೂರ್ವಕವಾಗಿ ಅನುಸರಿಸಿದ ಗ್ರಂಥಕಾರನೊಬ್ಬ ಇದ್ದನೆಂಬುದು ಮಾತ್ರ ನೆನಪಾಯಿತು. ಪ್ರಸ್ತುತ ಲೇಖನವು ಆ ಗ್ರಂಥಕಾರನ ಬದುಕನ್ನು ಅವನು ಕಟ್ಟಿದ ಪಾಠಕ್ರಮದ ಹಿನ್ನೆಲೆಯಲ್ಲಿ ನೋಡುವ ಪ್ರಯತ್ನವಾಗಿದೆ.

ಭಾಸ್ಕರಾಚಾರ್ಯನ ಕಾಲದ ಬಗೆಗೆ ವಿವಾದವಿಲ್ಲ. ಪ್ರಾಚೀನ ಗ್ರಂಥಕಾರರಲ್ಲಿ ಇದು ಅಪರೂಪದ ಭಾಗ್ಯ. ತಾನು ಹುಟ್ಟಿದ್ದು ಶಕ 1036ರಲ್ಲಿ, ಅಂದರೆ ಕ್ರಿ.ಶ. 1114ರಲ್ಲಿ ಎಂದೂ ಮೂವತ್ತಾರನೆಯ ವಯಸ್ಸಿನಲ್ಲಿ ಸಿದ್ಧಾಂತಶಿರೋಮಣಿಯನ್ನು ರಚಿಸಿದುದಾಗಿಯೂ ಅವನೇ ತಿಳಿಸಿದ್ದಾನೆ. ತಂದೆ ಮಹೇಶ್ವರ, ಶಾಂಡಿಲ್ಯ ಗೋತ್ರದವನು. ಗುರುವೂ ಅವನೇ. ಊರು ಸಹ್ಯಾದ್ರಿಗೆ ಹೊಂದಿಕೊಂಡಿದ್ದ ವಿಜ್ಜಡವಿಡ.

ಈ ಊರು ಯಾವುದು ಎಂಬಲ್ಲಿಗೆ ವಿವಾದ ಆರಂಭವಾಗುತ್ತದೆ. ಅದನ್ನು ವಿಜಾಪುರವೆಂದು ಗುರುತಿಸುವ ವಾಡಿಕೆ ಕನ್ನಡದ ಜನಪ್ರಿಯ ಬರಹಗಳಲ್ಲಿ ಬೇರೂರಿದೆ. ನಮ್ಮ ಶಾಲಾಪಠ್ಯಗಳನ್ನು ಓದಿ ಬೆಳೆದವರಿಗೆ ಇದನ್ನು ಬಿಟ್ಟುಕೊಡುವುದು ಸುಲಭವಲ್ಲ. ಈ ಲೇಖಕನಿಗೂ ಸುಲಭವಾಗಲಿಲ್ಲ. ಆದರೆ ವಿಜಾಪುರವು ಸಹ್ಯಾದ್ರಿಯ ಮಗ್ಗುಲಿನ ಊರಲ್ಲ, ಬಯಲುಸೀಮೆಯ ಊರು. ನಂತರದ ವ್ಯಾಖ್ಯಾನಕಾರರು ಭಾಸ್ಕರನ ಊರನ್ನು ಗೋದಾವರಿಯ ಸಮೀಪದ ಮಹಾರಾಷ್ಟ್ರ ಪ್ರದೇಶದಲ್ಲಿ ಇರಿಸುತ್ತಾರೆ. ಅವನ ವಂಶದವರ ಶಾಸನಗಳು ದೊರೆತಿರುವುದು ಖಾನದೇಶದ ಪಾಟಣ ಮತ್ತು ಬಹಾಳಗಳಲ್ಲಿ. ಊರಿನ ಹೆಸರಿನಲ್ಲಿ ಕಲಚುರಿ ಬಿಜ್ಜಳನನ್ನು ಕಾಣುವವರು, ಗ್ರಂಥರಚನೆಯ ವೇಳೆಗೆ ಅಂದರೆ 1150ರಲ್ಲಿ ಅವನು ಇನ್ನೂ ಕಲ್ಯಾಣದ ಸಿಂಹಾಸನವನ್ನು ಏರಿರಲಿಲ್ಲ ಎಂಬುದನ್ನು ಗಮನಿಸಬೇಕು. ಲಭ್ಯ ಆಧಾರಗಳ ತೂಕ ಖಾನದೇಶದ ಕಡೆಗೇ ಇದೆ.

ಹಾಗೆಂದು ಅವನು ಕನ್ನಡದ ವಿದ್ವಲ್ಲೋಕಕ್ಕೆ ಹೊರಗಿನವನಾಗುವುದಿಲ್ಲ. ಅವನು ಹುಟ್ಟಿದಾಗ ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದನು; ಆ ಆಸ್ಥಾನದಲ್ಲಿ ವಿಜ್ಞಾನೇಶ್ವರನು ಮಿತಾಕ್ಷರವನ್ನು ಬರೆದನು. ಅವನ ನಡುಹರೆಯದಲ್ಲಿ ಅದೇ ಕಲ್ಯಾಣ ಬಸವಣ್ಣನವರ ಕಾರ್ಯಕ್ಷೇತ್ರವಾಯಿತು. ಅವನ ಮಗ ಮತ್ತು ಮೊಮ್ಮಗನಿಗೆ ಆಶ್ರಯವಿತ್ತ ಸೇವುಣರು ಕನ್ನಡದಲ್ಲಿ ಹೇರಳವಾಗಿ ಶಾಸನಗಳನ್ನು ಬರೆಯಿಸಿದರು. ಇಂದಿನ ರಾಜ್ಯಗಳ ಗಡಿಯನ್ನು 12ನೆಯ ಶತಮಾನದ ಮೇಲೆ ಎಳೆದು ಒಬ್ಬನನ್ನು ನಮ್ಮವನೆಂದೋ ಅವರವನೆಂದೋ ತೀರ್ಮಾನಿಸುವುದಕ್ಕಿಂತ, ಕನ್ನಡ-ಮರಾಠಿಗಳು ಬೆರೆತಿದ್ದ ಆ ಪ್ರದೇಶದಲ್ಲಿ ಗಣಿತವನ್ನು ಹೇಗೆ ಕಲಿಸುತ್ತಿದ್ದರು ಎಂದು ಕೇಳುವುದು ಹೆಚ್ಚು ಫಲಪ್ರದ.

ಆ ಕಾಲದ ವಿದ್ಯಾರ್ಥಿಗೆ ದೊರೆಯುತ್ತಿದ್ದ ಗ್ರಂಥಗಳಲ್ಲಿ ಲಲ್ಲನ ಶಿಷ್ಯಧೀವೃದ್ಧಿದವು ಮುಖ್ಯವಾದುದು. ಹೆಸರೇ ಸೂಚಿಸುವಂತೆ ಅದು ಶಿಷ್ಯರಿಗಾಗಿ ಬರೆದ ಪುಸ್ತಕ. ಭಾಸ್ಕರನು ಇದಕ್ಕೆ ವಿವರಣೆ ಬರೆದಿದ್ದಾನೆ. ತನ್ನ ಸ್ವಂತ ಗ್ರಂಥದಲ್ಲಿ ಇದೇ ಲಲ್ಲನನ್ನು ಮುಲಾಜಿಲ್ಲದೆ ಖಂಡಿಸಿಯೂ ಇದ್ದಾನೆ. ಒಂದು ಪಠ್ಯವನ್ನು ವಿವರಿಸುವ ಶ್ರಮ ಪಟ್ಟವನಿಗೆ ಅದು ಎಲ್ಲಿ ಕೈಕೊಡುತ್ತದೆ ಎಂಬುದು ಚೆನ್ನಾಗಿ ತಿಳಿದಿರುತ್ತದೆ. ಅಧ್ಯಾಪನ ವೃತ್ತಿಯಲ್ಲಿರುವ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸಿದ್ಧಾಂತಶಿರೋಮಣಿಯು ಲೀಲಾವತಿ, ಬೀಜಗಣಿತ, ಗ್ರಹಗಣಿತ, ಗೋಲಾಧ್ಯಾಯ ಎಂಬ ನಾಲ್ಕು ಭಾಗಗಳನ್ನು ಹೊಂದಿದೆ. ಇವುಗಳನ್ನು ನಾಲ್ಕು ಸ್ವತಂತ್ರ ಪುಸ್ತಕಗಳೆಂದು ಓದುವ ರೂಢಿಯಿಂದ ಅವುಗಳ ನಡುವಿನ ಕ್ರಮ ಮರೆಯಾಗಿದೆ. ಲೀಲಾವತಿಯು ಅಳತೆ-ತೂಕಗಳ ಪರಿಭಾಷೆಯಿಂದ ತೊಡಗಿ, ಸ್ಥಾನಸಂಖ್ಯೆ, ಎಂಟು ಪರಿಕರ್ಮಗಳು, ಭಿನ್ನರಾಶಿ, ಶೂನ್ಯ, ತ್ರೈರಾಶಿಕ, ಬಡ್ಡಿ, ಶ್ರೇಢಿ, ಕ್ಷೇತ್ರ, ಅಗೆತ, ಕಟ್ಟಿಗೆ ಕೊಯ್ತ, ಧಾನ್ಯದ ರಾಶಿ, ನೆರಳು ಎಂದು ಮುಂದುವರಿದು ಕುಟ್ಟಕ ಮತ್ತು ಅಂಕಪಾಶಗಳಲ್ಲಿ ಮುಗಿಯುತ್ತದೆ. ಮುರಿದ ಬಿದಿರು, ಕೊಳದ ತಾವರೆ, ಹಾವಿನ ಮೇಲೆರಗುವ ನವಿಲು ಮೊದಲಾದ ಲೆಕ್ಕಗಳಿಗಾಗಿ ಸಾಹಿತ್ಯದವರೂ ಇದನ್ನು ಬಲ್ಲರು. ಅಕ್ಷರ ಬಲ್ಲ ಯಾವನೇ ವಿದ್ಯಾರ್ಥಿ ಪ್ರವೇಶಿಸಬಹುದಾದ ಭಾಗ ಇದು. ಅವ್ಯಕ್ತರಾಶಿಗಳನ್ನು ನಿರ್ವಹಿಸುವ ಬೀಜಗಣಿತ ಎರಡನೆಯ ಮೆಟ್ಟಿಲು. ಗ್ರಹಗಣಿತದಲ್ಲಿ ಅರ್ಧಜ್ಯಾಗಳ ಕೋಷ್ಟಕ ಬರುತ್ತದೆ. ಗೋಲಾಧ್ಯಾಯವು ಇಷ್ಟೂ ಲೆಕ್ಕಗಳ ಹಿಂದಿರುವ ಆಕೃತಿಯನ್ನು ಮನಗಾಣಿಸುವ ಭಾಗ. ಇದಕ್ಕೆ ಅವನೇ ವಾಸನಾಭಾಷ್ಯ ಎಂಬ ಗದ್ಯವ್ಯಾಖ್ಯಾನವನ್ನು ಬರೆದನು. ಸೂತ್ರ ಪದ್ಯದಲ್ಲಿ, ಉಪಪತ್ತಿ ಗದ್ಯದಲ್ಲಿ.

ಮಹಡಿಯ ವಿದ್ಯಾರ್ಥಿ ಕೇಳಿದ ಪ್ರಶ್ನೆಗೆ ಈ ಕ್ರಮದಲ್ಲಿ ಉತ್ತರವಿದೆ. ಲೀಲಾವತಿಯಲ್ಲಿ ಗೋಳದ ಸೂತ್ರ ನೇರವಾಗಿ ಬರುತ್ತದೆ. ಪರಿಧಿಯನ್ನು ವ್ಯಾಸದಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ವೃತ್ತದ ಕ್ಷೇತ್ರಫಲ. ಅದನ್ನು ನಾಲ್ಕರಿಂದ ಗುಣಿಸಿದರೆ, ಚೆಂಡಿನ ಸುತ್ತ ಹೆಣೆದ ಬಲೆಯಂತಿರುವ ಮೇಲ್ಮೈಯ ಫಲ. ಅದನ್ನು ವ್ಯಾಸದಿಂದ ಗುಣಿಸಿ ಆರರಿಂದ ಭಾಗಿಸಿದರೆ ಘನಫಲ. ಕಾರಣವನ್ನು ಅಲ್ಲಿ ಹೇಳಿಲ್ಲ. ಹೇಳಲು ಬೇಕಾದ ಅರ್ಧಜ್ಯಾಗಳು ವಿದ್ಯಾರ್ಥಿಯ ಕೈಗೆ ಇನ್ನೂ ಬಂದಿಲ್ಲ. ಅವು ಗ್ರಹಗಣಿತದಲ್ಲಿ ದೊರೆತ ಮೇಲೆ, ಗೋಲಾಧ್ಯಾಯದ ಭುವನಕೋಶದಲ್ಲಿ, ಭೂಮಿಯ ಮೇಲ್ಮೈಯ ಪ್ರಸ್ತಾಪ ಬಂದಾಗ ಉಪಪತ್ತಿ ಬರುತ್ತದೆ. ಅಲ್ಲಿ ಅದು ಬರಲು ನೆಪ ಲಲ್ಲನ ತಪ್ಪು. ವೃತ್ತದ ಕ್ಷೇತ್ರಫಲವನ್ನು ಪರಿಧಿಯಿಂದ ಗುಣಿಸಿದರೆ ಗೋಳದ ಮೇಲ್ಮೈ ದೊರೆಯುತ್ತದೆಂದು ಲಲ್ಲನು ಹೇಳಿದ್ದನು. ಅದನ್ನು ಅಲ್ಲಗಳೆದು ಸುಮ್ಮನಾಗದೆ, ಸರಿಯಾದುದು ಏಕೆ ಸರಿ ಎಂಬುದನ್ನು ಭಾಸ್ಕರನು ತೋರಿಸುತ್ತಾನೆ.

ಅವನ ವಿಧಾನವನ್ನು ತುಸು ನಿಧಾನವಾಗಿ ನೋಡುವುದು ಅಗತ್ಯ. ಪರಿಧಿ 96 ಮಾನಗಳಷ್ಟಿರುವ ಗೋಳವೊಂದನ್ನು ಕಲ್ಪಿಸಿಕೊಳ್ಳಬೇಕು. ಕಾಲುಪರಿಧಿಗೆ 24 ಅರ್ಧಜ್ಯಾಗಳಿರುವುದರಿಂದ ಇಡೀ ಪರಿಧಿಗೆ 96 ಭಾಗಗಳಾಗುತ್ತವೆ. ನೆಲ್ಲಿಕಾಯಿಯ ಮೇಲಿನ ಗೆರೆಗಳಂತೆ ಮೇಲಿನ ತುದಿಯಿಂದ ಕೆಳಗಿನ ತುದಿಗೆ ಗೆರೆಗಳನ್ನು ಎಳೆದರೆ ಮೇಲ್ಮೈಯು 96 ತೊಳೆಗಳಾಗಿ ಒಡೆಯುತ್ತದೆ. ಪ್ರತಿಯೊಂದರ ಅಗಲ ನಡುವಿನಲ್ಲಿ ಒಂದು ಮಾನ, ಎರಡು ತುದಿಗಳಲ್ಲಿ ಶೂನ್ಯ. ಒಂದು ತೊಳೆಯ ಅರ್ಧವನ್ನು ಅಡ್ಡಲಾಗಿ, ಒಂದೊಂದು ಮಾನ ಎತ್ತರದ 24 ಪಟ್ಟಿಗಳಾಗಿ ಕತ್ತರಿಸಬೇಕು. ಪಟ್ಟಿಯ ಮೇಲಂಚು ಮತ್ತು ಕೆಳಅಂಚಿನ ಅಗಲಗಳು ಅಲ್ಲಲ್ಲಿಯ ಅರ್ಧಜ್ಯಾಗಳಿಗೆ ಅನುಗುಣವಾಗಿರುತ್ತವೆ. ಎರಡು ಅಗಲಗಳ ಸರಾಸರಿಯೇ ಆ ಪಟ್ಟಿಯ ಫಲ. ಎಲ್ಲ ಪಟ್ಟಿಗಳ ಫಲವನ್ನು ಕೂಡಿಸಿ ಇಮ್ಮಡಿಸಿದರೆ ಒಂದು ತೊಳೆಯ ಫಲ 30 ಪೂರ್ಣ, 60ರಲ್ಲಿ 33 ಭಾಗ ಎಂದು ಬರುತ್ತದೆ. ಪರಿಧಿ 96 ಆಗಿರುವ ಗೋಳದ ವ್ಯಾಸವೂ ಅಷ್ಟೇ. ಒಂದು ತೊಳೆಯ ಫಲ ವ್ಯಾಸಕ್ಕೆ ಸಮವಾದರೆ, ಪರಿಧಿಯಷ್ಟು ಸಂಖ್ಯೆಯ ತೊಳೆಗಳ ಫಲ ಪರಿಧಿ ಮತ್ತು ವ್ಯಾಸಗಳ ಗುಣಲಬ್ಧ. ಇದೇ ಲೀಲಾವತಿಯ ಸೂತ್ರ. ಘನಫಲಕ್ಕೆ ಮೇಲ್ಮೈಯಲ್ಲಿ ಒಂದು ಮಾನದ ತಳವೂ ಕೇಂದ್ರದಲ್ಲಿ ಮೊನೆಯೂ ಇರುವ ಸೂಚಿಗಳನ್ನು ಕಲ್ಪಿಸಿದರಾಯಿತು.

ಇಡಿಯಾದುದನ್ನು ಬಿಡಿಬಿಡಿಯಾಗಿ ಒಡೆದು, ಬಿಡಿಯ ಫಲವನ್ನು ಕಂಡು, ಮತ್ತೆ ಕೂಡಿಸುವ ಈ ದಾರಿ ಅನುಕಲನದ ದಾರಿಯೇ. ಇಂದಿನ ಪಠ್ಯವು ಪಟ್ಟಿಗಳ ಅಗಲ ಶೂನ್ಯವನ್ನು ಸಮೀಪಿಸುತ್ತದೆಂದು ಹೇಳುವಲ್ಲಿ ಭಾಸ್ಕರನು 24ಕ್ಕೆ ನಿಲ್ಲುತ್ತಾನೆ. ಈ ವ್ಯತ್ಯಾಸ ಸಣ್ಣದಲ್ಲ. ಅವನ ಫಲಿತಾಂಶದ ಬೆಲೆಯನ್ನು ಅಳೆಯಲು ನಮ್ಮದೇ ಪರಂಪರೆಯ ಒಂದು ಹೋಲಿಕೆ ಸಾಕು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯನು ಗೋಳದ ಘನಫಲವನ್ನು ವ್ಯಾವಹಾರಿಕವಾಗಿ ತ್ರಿಜ್ಯದ ಘನದ 4.5ರಷ್ಟು, ಸೂಕ್ಷ್ಮವಾಗಿ 4.05ರಷ್ಟು ಎಂದು ಹೇಳಿದನು. ಸರಿಯಾದ ಮೌಲ್ಯ ಸುಮಾರು 4.19. ಮುನ್ನೂರು ವರ್ಷಗಳಲ್ಲಿ ಆದ ಬದಲಾವಣೆ ಅಂಕಿಯದು ಮಾತ್ರವಲ್ಲ, ಕಾರಣವನ್ನೂ ಪಾಠದೊಳಗೆ ತಂದುದು.

ಗ್ರಹಗಣಿತದ ಸ್ಪಷ್ಟಾಧಿಕಾರದಲ್ಲಿ ಬರುವ ತಾತ್ಕಾಲಿಕ ಗತಿಯ ವಿಚಾರ ಅವಕಲನದ ಕಡೆಗೆ ಸೇರಿದ್ದು. ಚಂದ್ರನ ವೇಗ ದಿನದೊಳಗೇ ಬದಲಾಗುವುದರಿಂದ ತಿಥಿಯ ಅಂತ್ಯವನ್ನು ಅರಿಯಲು ದಿನದ ಸರಾಸರಿ ಗತಿ ಸಾಲದು, ಆ ಕ್ಷಣದ ಗತಿ ಬೇಕು. ಜ್ಯಾದ ಬದಲಾವಣೆ ಕೋಟಿಜ್ಯಾಕ್ಕೆ ಅನುಗುಣವೆಂಬ ತಿಳಿವಳಿಕೆ ಇಲ್ಲಿ ಬಳಕೆಯಾಗಿದೆ. ಇದಕ್ಕೆ ಹತ್ತನೆಯ ಶತಮಾನದ ಮುಂಜಾಲನ ಲಘುಮಾನಸದಲ್ಲಿ ಪೂರ್ವರೂಪವಿದೆ. ಈ ಭಾಗವನ್ನು ಆಧರಿಸಿ 1858ರಲ್ಲಿ ಬಾಪುದೇವ ಶಾಸ್ತ್ರಿಗಳು ಭಾಸ್ಕರನಿಗೆ ಅವಕಲನದ ತತ್ತ್ವ ತಿಳಿದಿತ್ತೆಂದು ವಾದಿಸಿದರು. 1860ರಲ್ಲಿ ಇಂಗ್ಲೆಂಡಿನ ಸ್ಪಾಟಿಸ್‌ವುಡ್ ಅದನ್ನು ಪ್ರಶ್ನಿಸಿದನು. ಅಂದಿನಿಂದ ಇಂದಿನವರೆಗೆ ಭಾಸ್ಕರನ ಕುರಿತ ಬರಹಗಳು ನ್ಯೂಟನ್ನನಿಗಿಂತ ಮೊದಲೋ ಅಲ್ಲವೋ ಎಂಬ ಒಂದೇ ಜಾಡಿನಲ್ಲಿ ಸುತ್ತುತ್ತಿವೆ. ಸೀಮೆಯನ್ನು ಕುರಿತ ಸ್ಪಷ್ಟ ಚಿಂತನೆ, ಅನಂತ ಶ್ರೇಢಿ ಇವು ನಮ್ಮ ಕಡೆ ಕಾಣುವುದು ಕೇರಳದ ಸಂಗಮಗ್ರಾಮದ ಮಾಧವನ ಪರಂಪರೆಯಲ್ಲಿ. ಆ ಪರಂಪರೆಯ ಉಪಪತ್ತಿಗಳನ್ನು 16ನೆಯ ಶತಮಾನದಲ್ಲಿ ಜ್ಯೇಷ್ಠದೇವನು ಯುಕ್ತಿಭಾಷಾ ಎಂಬ ಹೆಸರಿನಲ್ಲಿ ಮಲಯಾಳಂ ಗದ್ಯದಲ್ಲಿ ಬರೆದನು. ಭಾಸ್ಕರನ ವಾಸನಾಭಾಷ್ಯ ಸಂಸ್ಕೃತದಲ್ಲಿ ಮಾಡಿದ್ದನ್ನು ನೆರೆಯ ದ್ರಾವಿಡ ಭಾಷೆಯೊಂದು ತನ್ನ ಗದ್ಯದಲ್ಲೇ ಮಾಡಿತು ಎಂಬುದು ಕನ್ನಡ ವಿಭಾಗಗಳು ಯೋಚಿಸಬೇಕಾದ ಸಂಗತಿ.

ಬದುಕಿನ ವಿವರಗಳಿಗೆ ಮರಳಿದರೆ, ಅತ್ಯಂತ ಪ್ರಸಿದ್ಧವಾದ ಕಥೆಯೇ ಅತ್ಯಂತ ದುರ್ಬಲವಾದುದು. ಮಗಳು ಲೀಲಾವತಿಯ ಮದುವೆಯ ಮುಹೂರ್ತಕ್ಕೆ ಇರಿಸಿದ್ದ ಘಟಿಕಾಪಾತ್ರೆಯಲ್ಲಿ ಮುತ್ತೊಂದು ಬಿದ್ದು ಮುಹೂರ್ತ ತಪ್ಪಿತೆಂಬ ಕಥೆ ನಮಗೆ ಸಿಗುವುದು ಅಕ್ಬರನ ಆಜ್ಞೆಯಂತೆ 1587ರಲ್ಲಿ ಫೈಜಿಯು ಮಾಡಿದ ಪಾರಸಿ ಅನುವಾದದ ಪೀಠಿಕೆಯಲ್ಲಿ, ಅಂದರೆ ನಾಲ್ಕು ಶತಮಾನಗಳ ನಂತರ. ಗ್ರಂಥದೊಳಗಿನ ಸಂಬೋಧನೆಗಳು ಬಾಲೆಗೆ ಮಾತ್ರವಲ್ಲ, ಗೆಳೆಯನಿಗೂ ವರ್ತಕನಿಗೂ ಇವೆ. ತರಗತಿಯಲ್ಲಿ ಹಲವು ಬಗೆಯ ಕೇಳುಗರಿದ್ದರೆಂದು ಭಾವಿಸುವುದೇ ಹೆಚ್ಚು ಸಹಜ. ಹಾಗೆಯೇ ಉಜ್ಜಯಿನಿಯ ವೇಧಶಾಲೆಗೆ ಅವನು ಮುಖ್ಯಸ್ಥನಾಗಿದ್ದನೆಂಬ ಮಾತಿಗೆ ಅವನ ಗ್ರಂಥಗಳಲ್ಲಾಗಲಿ ವಂಶದವರ ಶಾಸನದಲ್ಲಾಗಲಿ ಆಧಾರವಿಲ್ಲ.

ಅರವತ್ತೊಂಬತ್ತರ ವಯಸ್ಸಿನಲ್ಲಿ, 1183ನ್ನು ಆರಂಭಬಿಂದುವಾಗಿಟ್ಟುಕೊಂಡು, ಅವನು ಕರಣಕುತೂಹಲವನ್ನು ಬರೆದನು. ಇದು ಪಂಚಾಂಗ ಗುಣಿಸುವವರಿಗಾಗಿ ಲೆಕ್ಕಗಳನ್ನು ಹಗುರಗೊಳಿಸಿದ ಕೈಪಿಡಿ. ಉಪಪತ್ತಿ ಬೇಕಾದವರಿಗೆ ದೊಡ್ಡ ಗ್ರಂಥ, ಫಲ ಮಾತ್ರ ಬೇಕಾದವರಿಗೆ ಚಿಕ್ಕದು ಎಂಬ ವಿಂಗಡಣೆ ಅವನಿಗೆ ಒಪ್ಪಿಗೆಯಾಗಿತ್ತು.

ಅವನ ಮಗ ಲಕ್ಷ್ಮೀಧರನನ್ನು ಸೇವುಣ ಜೈತ್ರಪಾಲನು ತನ್ನ ಆಸ್ಥಾನದ ವಿದ್ವಾಂಸರಲ್ಲಿ ಅಗ್ರಗಣ್ಯನನ್ನಾಗಿ ಮಾಡಿಕೊಂಡನು. ಮೊಮ್ಮಗ ಚಾಂಗದೇವನು ಸಿಂಘಣನ ಆಸ್ಥಾನದ ಪ್ರಧಾನ ಜ್ಯೋತಿಷಿಯಾಗಿದ್ದನು. ಅಜ್ಜನ ಗ್ರಂಥಗಳ ಅಧ್ಯಯನಕ್ಕೆಂದೇ ಅವನು ಪಾಟಣದಲ್ಲಿ ಒಂದು ಮಠವನ್ನು ಸ್ಥಾಪಿಸಿದನು. ಡಾ. ಭಾವು ದಾಜಿಯವರು 19ನೆಯ ಶತಮಾನದಲ್ಲಿ ಬೆಳಕಿಗೆ ತಂದ, 1207ರ ಆ ಶಾಸನದಿಂದಲೇ ಭಾಸ್ಕರನ ಹಿಂದಿನ ಆರು ತಲೆಮಾರುಗಳ ಹೆಸರುಗಳು ನಮಗೆ ತಿಳಿದಿರುವುದು. ಮಠಕ್ಕೆ ನಿಕುಂಭ ವಂಶದ ಸಾಮಂತರು ದತ್ತಿ ಬಿಟ್ಟರು. ಸ್ಥಳೀಯ ಉತ್ಪನ್ನದ ಪಾಲು, ಮಾರಾಟದ ಮೇಲಿನ ಸುಂಕ, ಗಾಣದ ಎಣ್ಣೆ ಇತ್ಯಾದಿಗಳನ್ನು ಲೆಕ್ಕವಿಟ್ಟು ಹೇಳುವ ಭಾಗಕ್ಕೆ ಬಂದಾಗ ಶಾಸನದ ಭಾಷೆ ಸಂಸ್ಕೃತದಿಂದ ಹಳೆಯ ಮರಾಠಿಗೆ ಹೊರಳುತ್ತದೆ. ನಮ್ಮ ಅಗ್ರಹಾರಗಳ ಶಾಸನಗಳಲ್ಲಿ ವಿದ್ಯಾದಾನದ ವಿವರ ಕನ್ನಡಕ್ಕೆ ಹೊರಳುವುದನ್ನು ಬಲ್ಲವರಿಗೆ ಇದು ಪರಿಚಿತ ರೀತಿ. ಗಾಣಿಗರ ಎಣ್ಣೆಯ ಬಲದಿಂದ ನಡೆದ ಗಣಿತದ ಪಾಠಶಾಲೆ ಇದು.

ಕನ್ನಡದ ಪಾಲಿಗೆ ಇಲ್ಲೊಂದು ಪ್ರಶ್ನೆ ಉಳಿಯುತ್ತದೆ. ಪೂವಿನಬಾಗೆಯ ಜೈನಕವಿ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ, ಚಿತ್ರಹಸುಗೆ ಮೊದಲಾದವುಗಳ ಜೊತೆಗೆ ಲೀಲಾವತಿ ಎಂಬ ಗ್ರಂಥವನ್ನೂ ಕನ್ನಡದಲ್ಲಿ ಬರೆದನೆಂದು ಸಾಹಿತ್ಯಚರಿತ್ರೆಗಳು ಹೇಳುತ್ತವೆ. ಅವನ ಕಾಲವನ್ನು ಕೆಲವರು ಸುಮಾರು 1120 ಎಂದೂ ಕೆಲವರು ಆ ಶತಮಾನದ ಕೊನೆ ಎಂದೂ ಇಡುತ್ತಾರೆ. ಮೊದಲ ಪಕ್ಷವನ್ನು ಒಪ್ಪಿದರೆ ಕನ್ನಡದ ಲೀಲಾವತಿ ಬರೆದಾಗ ಭಾಸ್ಕರನು ಇನ್ನೂ ಹುಡುಗ. ಎರಡನೆಯದನ್ನು ಒಪ್ಪಿದರೆ, ಪಾಟಣದ ಮಠ ಏಳುವ ವೇಳೆಗೆ ಅವನ ಪಾಠಕ್ರಮ ಕನ್ನಡಕ್ಕೆ ಬಂದಾಗಿತ್ತು ಎಂಬ ಸಾಧ್ಯತೆ ತೆರೆಯುತ್ತದೆ. ಇದನ್ನು ತೀರ್ಮಾನಿಸಲು ರಾಜಾದಿತ್ಯನ ಸೂತ್ರಗಳನ್ನೂ ಉದಾಹರಣೆಗಳನ್ನೂ ಭಾಸ್ಕರನವುಗಳೊಂದಿಗೆ ಒಂದೊಂದಾಗಿ ಹೋಲಿಸಬೇಕು. ಅದು ಗಣಿತಜ್ಞನೊಬ್ಬನಿಂದಲೇ ಆಗುವ ಕೆಲಸವಲ್ಲ. ಹಳಗನ್ನಡ ಬಲ್ಲವರೊಬ್ಬರು ಪಕ್ಕದಲ್ಲಿ ಕುಳಿತಿರಬೇಕು.