ಕ್ಷಯ ವಂಶದ ರೋಗವೇ? ನಾಲ್ವಡಿಯವರ ಮನೆಯಲ್ಲಿ ನಡೆದದ್ದು

ಭದ್ರಾವತಿಯವರಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಎಂದರೆ ಕಬ್ಬಿಣದ ಕಾರ್ಖಾನೆ ನೆನಪಾಗುತ್ತದೆ. ಅಲ್ಲಿ 1923ರಲ್ಲಿ ಉತ್ಪಾದನೆ ಶುರುವಾದದ್ದು ಅವರ ಆಳ್ವಿಕೆಯಲ್ಲೇ. ಆದರೆ ಸೋಂಕುರೋಗಗಳು ಅವರ ಮನೆಯನ್ನು ಎಷ್ಟು ಕಾಡಿದ್ದವು ಎಂಬುದು ಹಲವರಿಗೆ ಗೊತ್ತಿಲ್ಲ.

1884ರ ಜೂನ್ 4ರಂದು ಹುಟ್ಟಿದ ನಾಲ್ವಡಿಯವರು ಹತ್ತನೇ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಚಾಮರಾಜ ಒಡೆಯರ್ ಕಲ್ಕತ್ತೆಗೆ ಹೋಗಿದ್ದಾಗ ಡಿಫ್ತೀರಿಯಾ, ಅಂದರೆ ಗಂಟಲಮಾರಿಗೆ ಬಲಿಯಾದರು. ತಾಯಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದರು. 1902ರಲ್ಲಿ ಮಗನಿಗೆ ಅಧಿಕಾರ ಬಂತು. ಮುಂದೆ ಅವರ ಸಹೋದರಿ ಕೃಷ್ಣಾಜಮ್ಮಣ್ಣಿ ಮತ್ತು ಅವರ ಹೆಣ್ಣುಮಕ್ಕಳನ್ನು ಕ್ಷಯ ಬಲಿ ತೆಗೆದುಕೊಂಡಿತು.

ತಾಯಿಗೂ ಮಕ್ಕಳಿಗೂ ಬಂದರೆ ಅದು ವಂಶದ ರೋಗ ಎಂದು ಜನ ಈಗಲೂ ನಂಬುತ್ತಾರೆ. ಇದು ತಪ್ಪು. ಶ್ವಾಸಕೋಶದ ಕ್ಷಯ ಇರುವವರು ಕೆಮ್ಮಿದಾಗ ಬ್ಯಾಕ್ಟೀರಿಯಾ ಗಾಳಿಗೆ ಸೇರುತ್ತದೆ. ಒಂದೇ ಸೂರಿನಡಿ ಇರುವವರು ಆ ಗಾಳಿಯನ್ನೇ ಉಸಿರಾಡುತ್ತಾರೆ.

ಒಳಹೋದ ಬ್ಯಾಕ್ಟೀರಿಯಾವನ್ನು ಮ್ಯಾಕ್ರೋಫೇಜ್ ಎಂಬ ರಕ್ಷಕ ಕೋಶ ನುಂಗುತ್ತದೆ. ನುಂಗಿದ್ದನ್ನು ಜೀರ್ಣಿಸುವುದು ಅದರ ಕೆಲಸ. ಕ್ಷಯದ ಬ್ಯಾಕ್ಟೀರಿಯಾ ಆ ಕೆಲಸವನ್ನೇ ತಡೆದು, ಕೋಶದೊಳಗೇ ಬದುಕುತ್ತದೆ. ಆಗ ಟಿ-ಕೋಶಗಳು ನೆರವಿಗೆ ಬರುತ್ತವೆ. ರಕ್ಷಕ ಕೋಶಗಳೆಲ್ಲ ಸುತ್ತುಗಟ್ಟಿ ಗ್ರಾನ್ಯುಲೋಮಾ ಎಂಬ ಗಂಟು ಕಟ್ಟುತ್ತವೆ. ಬ್ಯಾಕ್ಟೀರಿಯಾ ಅದರೊಳಗೆ ವರ್ಷಗಟ್ಟಲೆ ಸುಮ್ಮನಿರಬಹುದು. ಸೋಂಕು ತಗುಲಿದವರಲ್ಲಿ ಶೇ. 5ರಿಂದ 10 ಮಂದಿಗಷ್ಟೇ ಜೀವಮಾನದಲ್ಲಿ ರೋಗ ಬರುತ್ತದೆ. ಅಪೌಷ್ಟಿಕತೆ, ಸಕ್ಕರೆ ಕಾಯಿಲೆ, ಎಚ್‌ಐವಿ ಇದ್ದರೆ ಅಪಾಯ ಹೆಚ್ಚು.

1921ರಲ್ಲಿ ನಾಲ್ವಡಿಯವರು ಸಹೋದರಿಯ ಹೆಸರಿನಲ್ಲಿ ಮೈಸೂರಿನಲ್ಲಿ ಕ್ಷಯರೋಗಿಗಳ ಆಸ್ಪತ್ರೆ ತೆರೆದರು. ಅದೇ ವರ್ಷ ಪ್ಯಾರಿಸ್‌ನಲ್ಲಿ ಮೊದಲ ಬಾರಿ ಮಗುವೊಂದಕ್ಕೆ ಬಿಸಿಜಿ ಲಸಿಕೆ ಕೊಡಲಾಯಿತು. ಕ್ಷಯವನ್ನು ಗುಣಪಡಿಸುವ ಔಷಧ ಮಾತ್ರ ಇನ್ನೂ ಇರಲಿಲ್ಲ. ಆ ಕಾಲದ ಕ್ಷಯ ಆಸ್ಪತ್ರೆಗಳು ಕೊಡಬಹುದಾಗಿದ್ದದ್ದು ಶುದ್ಧ ಗಾಳಿ, ವಿಶ್ರಾಂತಿ, ಒಳ್ಳೆಯ ಊಟ. ರೋಗಿ ಮನೆಯಿಂದ ದೂರವಿದ್ದುದರಿಂದ ಮನೆಯವರಿಗೆ ಹರಡುವ ಅವಕಾಶವೂ ಕಡಿಮೆಯಾಗುತ್ತಿತ್ತು.

1940ರ ಆಗಸ್ಟ್ 3ರಂದು ನಾಲ್ವಡಿಯವರು ತೀರಿಕೊಂಡರು. ಸ್ಟ್ರೆಪ್ಟೊಮೈಸಿನ್ ಪತ್ತೆಯಾದದ್ದು 1943ರಲ್ಲಿ.

ಊಟದಿಂದಷ್ಟೇ ಕ್ಷಯ ವಾಸಿಯಾಗದು. ಆದರೆ ಊಟದ ಮಹತ್ವ ಸುಳ್ಳಲ್ಲ. ಜಾರ್ಖಂಡ್‌ನಲ್ಲಿ ರೋಗಿಗಳ ಮನೆಯವರಿಗೆ ಪೌಷ್ಟಿಕ ಆಹಾರ ಕೊಟ್ಟಾಗ ಅವರಲ್ಲಿ ಕ್ಷಯ ಸುಮಾರು ಶೇ. 39ರಷ್ಟು ಕಡಿಮೆಯಾಯಿತೆಂದು 2023ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ.

ಅರಸರಿಗೆ ಸಿಗದ ಔಷಧ ಇಂದು ಶಿವಮೊಗ್ಗ, ಭದ್ರಾವತಿಯ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಎರಡು ವಾರ ದಾಟಿದ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಮಾತ್ರೆ ಸಾಕು, ನಡುವೆ ಬಿಡಬಾರದು ಅಷ್ಟೇ. ಮನೆಯಲ್ಲಿ ಒಬ್ಬರಿಗೆ ಕ್ಷಯ ಬಂದರೆ ವಂಶವನ್ನು ದೂರುವ ಬದಲು ಉಳಿದವರನ್ನೂ ಪರೀಕ್ಷೆಗೆ ಕರೆದೊಯ್ಯಿರಿ.