ಜಯಚಾಮರಾಜೇಂದ್ರ ಒಡೆಯರ್

ಜಯಚಾಮರಾಜೇಂದ್ರ ಒಡೆಯರ್ (ಜುಲೈ 18, 1919 – ಸೆಪ್ಟೆಂಬರ್ 23, 1974) ಮೈಸೂರು ಸಂಸ್ಥಾನದ ಕೊನೆಯ ಮಹಾರಾಜರು, ವಾಗ್ಗೇಯಕಾರರು ಹಾಗೂ ಪಾಶ್ಚಾತ್ಯ ಸಂಗೀತದ ಪೋಷಕರು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಪಿಯಾನೊ ವಾದನ ಧ್ವನಿಮುದ್ರಿಕೆಗಳಲ್ಲಿ ವಿಪುಲವಾಗಿ ಉಳಿದುಬರಲು ಇವರ ಔದಾರ್ಯವೇ ಕಾರಣ.

ಬಾಲ್ಯ ಮತ್ತು ಪಟ್ಟಾಭಿಷೇಕ

ಯುವರಾಜ ಕಂಠೀರವ ನರಸಿಂಹರಾಜ ಒಡೆಯರ್ ಮತ್ತು ಕೆಂಪು ಚೆಲುವಾಜಮ್ಮಣ್ಣಿಯವರ ಪುತ್ರರಾಗಿ ಮೈಸೂರಿನಲ್ಲಿ ಜನಿಸಿದರು. 1938ರಲ್ಲಿ ಮಹಾರಾಜ ಕಾಲೇಜಿನಿಂದ ಪದವಿ ಪಡೆದರು. ಅರಮನೆಯಲ್ಲಿ ಕರ್ನಾಟಕ ಸಂಗೀತದ ವಿದ್ವಾಂಸರೊಡನೆ ಪಾಶ್ಚಾತ್ಯ ವಾದ್ಯವೃಂದವೂ ಇದ್ದುದರಿಂದ ಎರಡೂ ಪದ್ಧತಿಗಳ ಪರಿಚಯ ಎಳವೆಯಲ್ಲೇ ಆಯಿತು. ಕಚೇರಿ ನೀಡುವ ಪಿಯಾನೊ ವಾದಕರಾಗಬೇಕೆಂಬುದು ಅವರ ಹಂಬಲವಾಗಿತ್ತು. ಆದರೆ 1940ರ ಮಾರ್ಚ್‌ನಲ್ಲಿ ತಂದೆಯೂ ಆಗಸ್ಟ್‌ನಲ್ಲಿ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರೂ ತೀರಿಕೊಂಡರು. ಸೆಪ್ಟೆಂಬರ್ 8ರಂದು, ಇಪ್ಪತ್ತೊಂದರ ಹರೆಯದಲ್ಲಿ, ಸಿಂಹಾಸನವೇರಬೇಕಾಯಿತು. ಆಡಳಿತದ ನಡುವೆಯೂ ಅಭ್ಯಾಸ ಬಿಡದೆ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಗಳಿಸಿದರು.

ಮೆಟ್ನರ್ ಧ್ವನಿಮುದ್ರಿಕೆಗಳು

ಮೆಟ್ನರ್ ಕ್ರಾಂತಿಯ ನಂತರ ರಷ್ಯಾ ತೊರೆದು, 1930ರ ದಶಕದಲ್ಲಿ ಲಂಡನ್ನಿನಲ್ಲಿ ನೆಲೆಸಿದ್ದರು. ಯುದ್ಧಕಾಲದಲ್ಲಿ ಆದಾಯವೂ ಆರೋಗ್ಯವೂ ಕುಸಿದವು. ಅವರ ಕೃತಿಗಳನ್ನು ಅವರಿಂದಲೇ ನುಡಿಸಿ ಮುದ್ರಿಸುವ ವೆಚ್ಚವನ್ನು ಮಹಾರಾಜರು ವಹಿಸಿಕೊಂಡರು. ಇದಕ್ಕೆಂದೇ ಮೆಟ್ನರ್ ಸೊಸೈಟಿ ರೂಪುಗೊಂಡಿತು. 1947ರಲ್ಲಿ ಫಿಲ್ಹಾರ್ಮೋನಿಯ ವಾದ್ಯವೃಂದದೊಡನೆ ಮೂರೂ ಪಿಯಾನೊ ಕನ್ಸರ್ಟೊಗಳ ಮುದ್ರಣವಾಯಿತು. ಗಾಯನಕ್ಕೆ ಪಿಯಾನೊ ಬರಿಯ ಆಸರೆಯಾಗದೆ ಸರಿಸಮನಾಗಿ ನಡೆಯುವ ಮೆಟ್ನರ್ ಗೀತೆಗಳೂ ಈ ಯೋಜನೆಗೆ ಸೇರಿದವು; 1950ರಲ್ಲಿ ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಹಾಡಿದಾಗ ಪಿಯಾನೊ ನುಡಿಸಿದವರು ಸ್ವತಃ ಎಪ್ಪತ್ತರ ಮೆಟ್ನರ್. ಹಿಸ್ ಮಾಸ್ಟರ್ಸ್ ವಾಯ್ಸ್ ಕಂಪನಿ ಇವನ್ನು ಮೂರು ಸಂಪುಟಗಳಾಗಿ ಹೊರತಂದಿತು. ಆಗ ಆಲ್ಬಮ್ ಎಂದರೆ ನಿಮಿಷಕ್ಕೆ 78 ಸುತ್ತಿನ ತಟ್ಟೆಗಳನ್ನು ಹಾಳೆಗಳಂತೆ ಜೋಡಿಸಿದ, ನಿಜಕ್ಕೂ ಪುಸ್ತಕದಂತಹ ಕಟ್ಟು. ಮೆಟ್ನರ್ ತಮ್ಮ ಮೂರನೆಯ ಕನ್ಸರ್ಟೊವನ್ನು ಮಹಾರಾಜರಿಗೆ ಅರ್ಪಿಸಿ, 1951ರ ನವೆಂಬರ್‌ನಲ್ಲಿ ನಿಧನರಾದರು. ಧ್ವನಿಮುದ್ರಣ ಇನ್ನೈದು ವರ್ಷ ತಡವಾಗಿದ್ದರೆ ನುಡಿಸಲು ಅವರೇ ಇರುತ್ತಿರಲಿಲ್ಲ.

1948ರಲ್ಲಿ ಮಹಾರಾಜರು ಫಿಲ್ಹಾರ್ಮೋನಿಯ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ರಿಚರ್ಡ್ ಸ್ಟ್ರೌಸ್ ಅವರ ಕೊನೆಯ ನಾಲ್ಕು ಗೀತೆಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಮೊದಲ ಬಾರಿಗೆ ಪ್ರಸ್ತುತವಾಗಲು ಹಣದ ಭರವಸೆ ನೀಡಿದವರೂ ಇವರೇ. ಕಚೇರಿಯನ್ನು ಮುದ್ರಿಸಿ ಮೈಸೂರಿಗೆ ಕಳುಹಿಸಬೇಕೆಂಬುದಷ್ಟೇ ಅವರ ಕೋರಿಕೆ.

ವಾಗ್ಗೇಯಕಾರರಾಗಿ

ವೀಣೆಯನ್ನು ವಿ. ವೆಂಕಟಗಿರಿಯಪ್ಪನವರಲ್ಲಿ ಕಲಿತರು, ಮೈಸೂರು ವಾಸುದೇವಾಚಾರ್ಯರ ಮಾರ್ಗದರ್ಶನವೂ ದೊರೆಯಿತು. ಶ್ರೀವಿದ್ಯಾ ಅಂಕಿತದಲ್ಲಿ ರಚಿಸಿದ 94 ಸಂಸ್ಕೃತ ಕೃತಿಗಳಲ್ಲಿ ಅನೇಕವು ಅಪರೂಪದ ರಾಗಗಳಲ್ಲಿವೆ. ಗಂಭೀರನಾಟ ರಾಗದ ಶ್ರೀ ಜಾಲಂಧರ ಕೃತಿ ಇಂದಿಗೂ ಕಚೇರಿಗಳಲ್ಲಿ ಕೇಳಿಬರುತ್ತದೆ. ಪಿಯಾನೊ ಪ್ರೀತಿಯನ್ನು ಮಾತ್ರ ಅವರು ಕೃತಿಗಳೊಳಗೆ ತುರುಕಲಿಲ್ಲ. ಅವು ಮುತ್ತುಸ್ವಾಮಿ ದೀಕ್ಷಿತರ ಜಾಡಿನವು.

ನಂತರದ ವರ್ಷಗಳು

1947ರಲ್ಲಿ ಸಂಸ್ಥಾನವನ್ನು ಭಾರತದೊಡನೆ ಸೇರಿಸಿದರು. 1950ರಿಂದ ರಾಜಪ್ರಮುಖರಾಗಿ, 1956ರಿಂದ ಮೈಸೂರು ರಾಜ್ಯದ, 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿದ್ದರು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್ ಸಂದಿತು. ಬೆಂಗಳೂರಿನಲ್ಲಿ ನಿಧನರಾದರು. ಮೆಟ್ನರ್ ಅವರ ಆ ಧ್ವನಿಮುದ್ರಿಕೆಗಳು ಮುಂದೆ ಸಿ.ಡಿ. ರೂಪದಲ್ಲಿ ಮರುಬಿಡುಗಡೆಯಾದವು.